ಮರಡಿಹಳ್ಳಿಗೆ ಒಂದು ದಿನ, ಕಲ್ಲು ಬಲ್ಲವರ ಜೊತೆ

ಡಿಸೆಂಬರ್ ಬಂತೆಂದರೆ ಚಿತ್ರದುರ್ಗದ ಕೋಟೆಯ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಮಕ್ಕಳು ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ, ಕತ್ತಲಾಗುವ ಮೊದಲು ಮುಂದಿನ ಊರಿಗೆ ಹೊರಡುತ್ತಾರೆ. ಬೆಂಗಳೂರಿನ ಕಡೆಯಿಂದ ಬರುವ ಬಸ್ಸುಗಳು ಹಿರಿಯೂರು ದಾಟಿ ಐಮಂಗಲದ ಮೇಲೆಯೇ ಬರಬೇಕು. ಆ ಹೆದ್ದಾರಿಯಿಂದ ಒಳಗೆ ತಿರುಗಿದರೆ ಮರಡಿಹಳ್ಳಿ. ಅಲ್ಲಿನ ಬಯಲಲ್ಲಿ ಬಿದ್ದಿರುವ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ತನ್ನ ಬಗೆಯಲ್ಲಿ ಜಗತ್ತಿನಲ್ಲೇ ಉತ್ತಮವಾದ ಮಾದರಿಗಳಲ್ಲಿ ಇದೂ ಒಂದೆಂದು ಹೇಳಿದೆ. ಆದರೂ ಆ ಕಡೆಗೆ ತಿರುಗುವ ಪ್ರವಾಸದ ಬಸ್ಸು ಅಪರೂಪ. ಜಿಲ್ಲೆಯೊಳಗಿನ ಶಾಲೆಗಳು ಕೂಡ ಜೋಗಕ್ಕೋ ಹಳೇಬೀಡಿಗೋ ಹೋಗಿ ಬರುತ್ತವೆ, ಮನೆಯ ಪಕ್ಕದ ಅಗ್ನಿಪರ್ವತವನ್ನು ನೋಡದೆ.

ಅಗ್ನಿಪರ್ವತ ಎಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಹೊಗೆಯಾಡುವ ಶಿಖರ ನಿಲ್ಲುತ್ತದೆ. ಮರಡಿಹಳ್ಳಿಯಲ್ಲಿ ಶಿಖರವೂ ಇಲ್ಲ, ಬಾಯಿ ತೆರೆದ ಕುಳಿಯೂ ಇಲ್ಲ. ಇಂದಿಗೂ ಜೀವಂತವಾಗಿರುವ ಅಗ್ನಿಪರ್ವತ ನಮ್ಮ ದೇಶದಲ್ಲಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ. ಮರಡಿಹಳ್ಳಿಯದು ಸಮುದ್ರದ ತಳದಲ್ಲಿ ಉಕ್ಕಿದ ಲಾವಾ. ಆ ಸಮುದ್ರವೂ ಈಗಿಲ್ಲ, ಉಕ್ಕಿಸಿದ ಬಿರುಕುಗಳೂ ಮುಚ್ಚಿಹೋಗಿವೆ. ಉಳಿದಿರುವುದು ಹಸಿರು ಛಾಯೆಯ ಬಂಡೆ, ಅದರ ಮೈತುಂಬ ಉಬ್ಬುಬ್ಬಾದ ಆಕಾರಗಳು. ಇವಕ್ಕೆ ಪಿಲ್ಲೋ ಲಾವಾ, ಅಂದರೆ ದಿಂಬಿನ ಲಾವಾ ಎಂದು ಹೆಸರು. ಬಲ್ಲವರು ಜೊತೆಗಿಲ್ಲದೆ ಹೋದವರು ಹತ್ತು ನಿಮಿಷ ಸುತ್ತಾಡಿ, "ಕಲ್ಲೇ ತಾನೆ" ಎಂದು ವಾಪಸ್ಸು ಹತ್ತುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಕೋಟೆಯ ಗೋಡೆ ತಾನು ಗೋಡೆಯೆಂದು ತಾನೇ ಹೇಳಿಕೊಳ್ಳುತ್ತದೆ, ಈ ಬಂಡೆಗೆ ಆ ಅನುಕೂಲವಿಲ್ಲ. ಆದ್ದರಿಂದ ಈ ಪ್ರವಾಸದ ಯೋಜನೆಯಲ್ಲಿ ಬಸ್ಸು, ಊಟ, ತಾರೀಕು ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಕಲ್ಲನ್ನು ಓದಬಲ್ಲ ಒಬ್ಬರನ್ನು. ಅವರಿಗೆ ಬಿಡುವಿರುವ ದಿನವೇ ಪ್ರವಾಸದ ದಿನ.

ಅಂಥವರು ಎಲ್ಲಿ ಸಿಗುತ್ತಾರೆ? ಕೋಟೆಯ ಹೆಬ್ಬಾಗಿಲಲ್ಲಿ ಮಾರ್ಗದರ್ಶಕರು ಸಿಗುತ್ತಾರೆ, ಮದಕರಿ ನಾಯಕನ ಕಥೆಯನ್ನು ರೋಮಾಂಚನವಾಗುವಂತೆ ಹೇಳುತ್ತಾರೆ. ಮರಡಿಹಳ್ಳಿಗೆ ಬೇರೆಯವರೇ ಬೇಕು. ಭೂವಿಜ್ಞಾನ ಓದಿಸುವ ಕಾಲೇಜಿನ ಅಧ್ಯಾಪಕರು, ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ನಿವೃತ್ತರಾದವರು, ಎಂ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿಗಳು, ಇವರಲ್ಲಿ ಯಾರಾದರೂ ಆದೀತು. ಈ ನೆಲದ ಕಲ್ಲುಗಳನ್ನು ಓದುವ ಪರಂಪರೆ ನಮ್ಮಲ್ಲಿ ಹಳೆಯದು. ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದದ್ದು 1894ರಲ್ಲಿ. ಅದರ ಅಧಿಕಾರಿಗಳು ಹಳ್ಳಿ ಹಳ್ಳಿ ತಿರುಗಿ ಗುಡ್ಡಗಳ ನಕ್ಷೆ ಬರೆದರು. ಸಿ.ಎಸ್. ಪಿಚ್ಚಮುತ್ತು ಚಿತ್ರದುರ್ಗದ ಲಾವಾಗಳನ್ನು ಅಭ್ಯಾಸ ಮಾಡಿದರು. ಅದೇ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ ಈ ವಿಜ್ಞಾನವನ್ನು ಕನ್ನಡದಲ್ಲೂ ಬರೆದು ಹಂಚಿದರು. ಇವರ ಹೆಸರುಗಳನ್ನು ಮಕ್ಕಳು ಆ ಬಯಲಲ್ಲಿ ನಿಂತು ಒಮ್ಮೆ ಕೇಳಿಸಿಕೊಳ್ಳಲಿ.

ಬಲ್ಲವರು ಸಿಕ್ಕಮೇಲೆ ಅವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಪಾಠ ಬೇಡ, ತೋರಿಸಿ. ಎಲ್ಲರನ್ನೂ ಸಾಲಾಗಿ ಕೂರಿಸಿ ಅರ್ಧ ಗಂಟೆ ಭಾಷಣ ಮಾಡಿದರೆ ತರಗತಿಯೇ ಬಿಸಿಲಿಗೆ ಬಂದಂತಾಗುತ್ತದೆ. ಒಂದೊಂದು ಬಂಡೆಯ ಮುಂದೆ ಒಂದೊಂದೇ ಸಂಗತಿ ಸಾಕು.

ಮೊದಲನೆಯದು, ದಿಂಬು ಹುಟ್ಟಿದ ಬಗೆ. ಭೂಮಿಯೊಳಗಿಂದ ಸಾವಿರದ ನೂರು ಡಿಗ್ರಿಗೂ ಮಿಕ್ಕಿದ ಕಾವಿನಲ್ಲಿ ಲಾವಾ ಸಮುದ್ರದ ತಳಕ್ಕೆ ಉಕ್ಕುತ್ತದೆ. ತಣ್ಣನೆಯ ನೀರು ತಾಗಿದ ಕ್ಷಣವೇ ಅದರ ಹೊರಮೈ ಗಾಜಿನಂತೆ ಬಿಗಿದುಕೊಳ್ಳುತ್ತದೆ. ಒಳಗಿನ್ನೂ ದ್ರವ. ಹಿಂದಿನಿಂದ ಒತ್ತಡ ಬೀಳುತ್ತಲೇ ಇರುತ್ತದೆ. ಆ ತೆಳುವಾದ ಚಿಪ್ಪು ಒಂದು ಕಡೆ ಸೀಳುತ್ತದೆ, ಸೀಳಿನಿಂದ ಹೊಸ ಗುಳ್ಳೆ ಹೊರಬಂದು ಉಬ್ಬುತ್ತದೆ, ಅದರ ಮೈಯೂ ಬಿಗಿಯುತ್ತದೆ, ಮತ್ತೆ ಸೀಳುತ್ತದೆ. ಹೀಗೆ ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಹೇರಿಕೊಳ್ಳುತ್ತಾ ಹೋಗುತ್ತದೆ. ಇದು ಬರೀ ಊಹೆಯಲ್ಲ. 1970ರ ದಶಕದಲ್ಲಿ ಹವಾಯಿ ದ್ವೀಪದ ಕಡಲೊಳಗೆ ಇಳಿದ ಮುಳುಗುಗಾರರು ಕಣ್ಣೆದುರಲ್ಲೇ ದಿಂಬುಗಳು ಹುಟ್ಟುವುದನ್ನು ಚಿತ್ರೀಕರಿಸಿಕೊಂಡು ಬಂದರು. ಆ ಬಗೆಯ ಚಿತ್ರ ಈಗ ಫೋನಿನಲ್ಲೇ ಸಿಗುತ್ತದೆ. ಹಿಂದಿನ ದಿನ ಶಾಲೆಯಲ್ಲಿ ಅದನ್ನು ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ಮರುದಿನ ಮರಡಿಹಳ್ಳಿಯ ಬಂಡೆಯ ಮುಂದೆ ನಿಂತ ಮಗುವಿಗೆ ಅದೇ ಆಕಾರ ಕಲ್ಲಾಗಿ ಕಾಣುತ್ತದೆ.

ಎರಡನೆಯದು ಬಣ್ಣ. ಹೊಸ ಲಾವಾ ಕಪ್ಪಗಿರುತ್ತದೆ, ಮರಡಿಹಳ್ಳಿಯದು ಮಾಸಿದ ಹಸಿರು. ಕಪ್ಪು ಬಸಾಲ್ಟು ಕೋಟಿಗಟ್ಟಲೆ ವರ್ಷ ನೆಲದಾಳದಲ್ಲಿ ಬೆಂದು ಅಮುಕಿಸಿಕೊಂಡಾಗ ಅದರ ಖನಿಜಗಳು ಬದಲಾದವು, ಕ್ಲೋರೈಟ್ ಮೊದಲಾದ ಹಸಿರು ಖನಿಜಗಳು ಹುಟ್ಟಿದವು. ಬಿಸಿಲಿಗೆ ಬಿದ್ದ ಮೇಲ್ಮೈಯಲ್ಲಿ ಈ ಬಣ್ಣವೂ ದಿಂಬಿನ ಅಂಚುಗಳೂ ಅಷ್ಟಾಗಿ ಎದ್ದು ಕಾಣುವುದಿಲ್ಲ. ಇದಕ್ಕೆ ಕಲ್ಲು ಒಡೆಯಬೇಕಾಗಿಲ್ಲ, ಸುಣ್ಣದ ಕಡ್ಡಿಯಿಂದ ಗೀಚಬೇಕಾಗಿಯೂ ಇಲ್ಲ. ಬಾಟಲಿಯ ನೀರನ್ನು ನಿಧಾನವಾಗಿ ಬಂಡೆಯ ಮೇಲೆ ಸುರಿದರೆ ಸಾಕು. ಒದ್ದೆಯಾದ ಕಲ್ಲಿನಲ್ಲಿ ದಿಂಬಿನ ನಡುಭಾಗ ಒಂದು ಬಣ್ಣವಾಗಿ, ಬೇಗ ತಣಿದ ಅಂಚು ಇನ್ನೊಂದು ಬಣ್ಣವಾಗಿ ಬೇರೆ ಬೇರೆ ತೋರುತ್ತದೆ. ಅದೇ ಕಾರಣಕ್ಕೆ ಕುಡಿಯುವ ನೀರಲ್ಲದೆ ಕಲ್ಲಿಗೂ ಎರಡು ಕ್ಯಾನು ನೀರು ಬಸ್ಸಿನಲ್ಲಿರಲಿ.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಇದನ್ನು ಅವಸರ ಮಾಡದೆ ತೋರಿಸಬೇಕು. ಮಂಡಿಯಲ್ಲಿ ಮೂಟೆಗಳನ್ನು ಒಟ್ಟಿದಾಗ ಮೇಲಿನ ಮೂಟೆಯ ತಳ ಕೆಳಗಿನ ಎರಡು ಮೂಟೆಗಳ ಸಂದಿಗೆ ಇಳಿದು ಕೂರುತ್ತದೆ, ಅದರ ಬೆನ್ನು ಮಾತ್ರ ಗುಂಡಗೆ ಉಳಿಯುತ್ತದೆ. ಇನ್ನೂ ಮೆತ್ತಗಿದ್ದ ಲಾವಾ ದಿಂಬುಗಳೂ ಹಾಗೆಯೇ ಕೂತವು. ಆದ್ದರಿಂದ ಗುಂಡಗಿನ ಬೆನ್ನು ಯಾವ ಕಡೆಗಿದೆಯೋ ಅದು ಆ ಕಾಲದ ಮೇಲ್ಭಾಗ, ಚೂಪಾಗಿ ಇಳಿದ ತುದಿ ಯಾವ ಕಡೆಗಿದೆಯೋ ಅದು ಆ ಕಾಲದ ಕೆಳಭಾಗ. ಚಿತ್ರದುರ್ಗ ಸೀಮೆಯ ಪದರಗಳೆಲ್ಲ ಆಮೇಲೆ ಮಡಚಿಕೊಂಡಿವೆ, ವಾಲಿವೆ, ಕೆಲವೆಡೆ ನೆಟ್ಟಗೆ ನಿಂತಿವೆ. ಹಾಗಿರುವಾಗ ಯಾವ ಪದರ ಮೊದಲು ಬಿತ್ತು, ಯಾವುದು ಆಮೇಲೆ ಎಂದು ಹೇಳುವುದು ಹೇಗೆ? ದಿಂಬುಗಳು ಹೇಳುತ್ತವೆ. ಸಮುದ್ರದ ತಳ ಯಾವುದು, ನೀರಿದ್ದ ಕಡೆ ಯಾವುದು ಎಂದು ಕೈತೋರಿಸಿ ಹೇಳಬಲ್ಲ ಕಲ್ಲುಗಳಿವು. ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, "ಇದರ ತಲೆ ಯಾವ ಕಡೆಗಿದೆ, ನೀವೇ ಹೇಳಿ" ಎಂದು ಬಿಟ್ಟುಬಿಡಬೇಕು. ಉತ್ತರ ತಪ್ಪಾದರೂ ಚಿಂತೆಯಿಲ್ಲ. ಅರ್ಧ ಗಂಟೆ ಅವರು ಬಂಡೆಯನ್ನು ಬಿಟ್ಟು ಕದಲುವುದಿಲ್ಲ.

ಇನ್ನು ವಯಸ್ಸು. ಸರ್ವೇಕ್ಷಣಾ ಸಂಸ್ಥೆ ಈ ಲಾವಾಕ್ಕೆ 250 ಕೋಟಿ ವರ್ಷ ಎಂದಿದೆ. ಚಿತ್ರದುರ್ಗ ಪಟ್ಟಿಯ ಲಾವಾಗಳ ಮೇಲೆ ಆಮೇಲೆ ನಡೆದ ಅಳತೆಗಳು ಅದಕ್ಕೂ ಹಿಂದಕ್ಕೆ ಕರೆದೊಯ್ದಿವೆ. 250ನ್ನೇ ಇಟ್ಟುಕೊಂಡರೂ ಆ ಸಂಖ್ಯೆ ಮಗುವಿನ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ದೊಡ್ಡವರಲ್ಲೂ ನಿಲ್ಲುವುದಿಲ್ಲ. ನಡೆಸಿ ತೋರಿಸಬಹುದು. ಒಂದು ಹೆಜ್ಜೆಗೆ ಒಂದು ಕೋಟಿ ವರ್ಷ. ಬಂಡೆಯಿಂದ ಹೊರಟು 250 ಹೆಜ್ಜೆ ನಡೆದರೆ ಇಂದು. ಹೊರಟ ಜಾಗದಲ್ಲಿ ಗಾಳಿಯಲ್ಲಿ ಆಮ್ಲಜನಕವೇ ಇಲ್ಲ, ಜೀವವೆಂದರೆ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಮಾತ್ರ. ಇನ್ನೂರು ಹೆಜ್ಜೆ ಕಳೆದ ಮೇಲೂ ನೆಲದ ಮೇಲೆ ಒಂದು ಮರವಿಲ್ಲ. ಕಡೆಯ ಒಂಬತ್ತು ಹೆಜ್ಜೆ ಉಳಿದಾಗ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಹುಟ್ಟಿದವು. ಏಳು ಹೆಜ್ಜೆಯೊಳಗೆ ಡೈನೋಸಾರುಗಳು ಅಳಿದವು. ಮನುಷ್ಯನ ಕಥೆಯೆಲ್ಲ ಕೊನೆಯ ಹೆಜ್ಜೆಯ ಕೊನೆಯ ಅಂಗುಲದೊಳಗೆ. ಮಕ್ಕಳು ಇದನ್ನು ಕಾಲಿನಲ್ಲಿ ಕಲಿತು ಹೋಗುತ್ತಾರೆ.

ಇಷ್ಟಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ಕಡಿಮೆ ಕೊಟ್ಟರೆ ಹೋಗಿಯೂ ಹೋಗದಂತೆ. ಹೊತ್ತು ಬೆಳಗಿನದೇ ಆಗಬೇಕು, ಏಕೆಂದರೆ ಓರೆಯಾಗಿ ಬೀಳುವ ಎಳೆಬಿಸಿಲಲ್ಲಿ ದಿಂಬುಗಳ ಉಬ್ಬು ತಗ್ಗು ನೆರಳಿನಿಂದ ಎದ್ದು ಕಾಣುತ್ತದೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಎಲ್ಲ ಚಪ್ಪಟೆ. ಹಿರಿಯೂರು ಸೀಮೆಯ ಬಿಸಿಲು ಗೊತ್ತಿದ್ದವರಿಗೆ ಬೇರೆ ಕಾರಣ ಬೇಕಾಗಿಲ್ಲ. ಮಳೆಗಾಲ ಕಳೆದು ನವೆಂಬರಿನಿಂದ ಫೆಬ್ರುವರಿಯವರೆಗೆ ಹದವಾದ ಕಾಲ. ಚಿತ್ರದುರ್ಗವನ್ನು ಏಳಕ್ಕೆ ಬಿಟ್ಟರೆ ಎಂಟಕ್ಕೆಲ್ಲ ಬಂಡೆಯ ಮುಂದಿರಬಹುದು. ಡ್ರೈವರಿಗೆ ಬರೀ ಮರಡಿಹಳ್ಳಿ ಎನ್ನಬೇಡಿ, ಐಮಂಗಲದ ಮರಡಿಹಳ್ಳಿ ಎನ್ನಿ. ಆ ಹೆಸರಿನ ಊರುಗಳು ಬೇರೆ ಕಡೆಯೂ ಇವೆ, ಫೋನಿನ ನಕ್ಷೆ ಎಲ್ಲಿಗಾದರೂ ಕರೆದೊಯ್ದೀತು.

ಮಕ್ಕಳ ಕಾಲಲ್ಲಿ ಹವಾಯಿ ಚಪ್ಪಲಿ ಬೇಡ, ಬೂಟಿರಲಿ, ತಲೆಗೆ ಟೋಪಿಯಿರಲಿ. ಚೇಳು ಹಾವುಗಳು ಕಲ್ಲಿನ ಸಂದಿಯಲ್ಲಿರುವ ಜೀವಿಗಳು, ಕಲ್ಲು ಮಗುಚುವ ಆಟಕ್ಕೆ ಯಾರೂ ಇಳಿಯಬಾರದು. ಸುತ್ತಮುತ್ತ ಹೊಲಗಳಿದ್ದರೆ ಬೆಳೆ ತುಳಿಯದೆ ಬದುವಿನ ಮೇಲೆ ನಡೆಯಬೇಕು. ಹೆಣ್ಣುಮಕ್ಕಳಿರುವ ತಂಡವಾದರೆ ಶೌಚಾಲಯದ ವಿಚಾರ ಹಿಂದಿನ ದಿನವೇ ಇತ್ಯರ್ಥವಾಗಿರಬೇಕು. ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಫೋನು ಮಾಡಿದರೆ ಆಗುವ ಕೆಲಸವಿದು. ಹಾಗೆ ಮಾತಾಡುವಾಗಲೇ ಆ ಶಾಲೆಯ ಮಕ್ಕಳನ್ನೂ ಜೊತೆಗೆ ಕರೆದುಬಿಡಿ. ಬಂಡೆ ಅವರ ಊರಿನದು.

ಸುತ್ತಿಗೆ ತರಬಾರದು. ಇದನ್ನು ಬಿಗಿಯಾಗಿಯೇ ಹೇಳುತ್ತೇನೆ. ನೆನಪಿಗೆ ಒಂದು ಚೂರು ಎಂದು ಒಬ್ಬರು ಒಡೆದರೆ, ಮುಂದೆ ಬಂದವರಿಗೆ ಒಡೆದ ಗಾಯವೇ ಕಾಣುತ್ತದೆ. ಕೋಟೆಯ ಒಂದು ಕಲ್ಲು ಕದಲಿಸಿದರೂ ಪುರಾತತ್ವ ಇಲಾಖೆಯ ಕಾನೂನು ಅಡ್ಡ ಬರುತ್ತದೆ, ಏಕೆಂದರೆ 1958ರ ಕಾಯ್ದೆ ಅದಕ್ಕಿದೆ. ಭೂವೈಜ್ಞಾನಿಕ ಸ್ಮಾರಕಗಳಿಗೆ ಅಂಥ ಗಟ್ಟಿ ರಕ್ಷಣೆ ಬೇಕೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಕರಡು ಮಸೂದೆ ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಕರ್ನಾಟಕದಲ್ಲಿ ಇಂಥ ಸ್ಮಾರಕಗಳು ಬೆರಳೆಣಿಕೆಯಷ್ಟು: ಮರಡಿಹಳ್ಳಿ, ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಸೇಂಟ್ ಮೇರಿ ದ್ವೀಪ, ಕೋಲಾರದ ಚಿನ್ನದ ಗಣಿ ಪ್ರದೇಶದ ಲಾವಾ. ಲಾಲ್‌ಬಾಗಿನ ಬಂಡೆಯನ್ನು ದಿನವೂ ನೂರಾರು ಜನ ಹತ್ತಿಳಿಯುತ್ತಾರೆ. ಮರಡಿಹಳ್ಳಿಗೆ ಆ ಜನಸಂದಣಿಯ ಕಾಟವಿಲ್ಲ, ಆದರೆ ಜನ ನೋಡುವ ಕಾವಲೂ ಇಲ್ಲ.

ಹತ್ತೂವರೆಗೆ ಅಲ್ಲಿಂದ ಎದ್ದರೆ ಮುಂದಿನ ದಾರಿ ಹಿರಿಯೂರಿನ ಮೇಲೆ ವಾಣಿವಿಲಾಸ ಸಾಗರಕ್ಕೆ. ಊರವರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. ವೇದಾವತಿ ನದಿ ಗುಡ್ಡಸಾಲನ್ನು ಸೀಳಿಕೊಂಡು ಹೋಗುವ ಕಿರಿದಾದ ಜಾಗ ನೋಡಿ, 1898ರಲ್ಲಿ ಕೆಲಸ ಹಿಡಿದು 1907ರ ಹೊತ್ತಿಗೆ ಕಲ್ಲಿನ ಅಣೆಕಟ್ಟು ಮುಗಿಸಿದರು. ರಾಜ್ಯವಾಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. 130 ಅಡಿ ತುಂಬಿ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಕಾದು 2022ರಲ್ಲಿ. ಆ ಸೆಪ್ಟೆಂಬರಿನಲ್ಲಿ ಹಿರಿಯೂರು, ಹೊಸದುರ್ಗದ ಜನ ಸಂಸಾರ ಸಮೇತ ಕೋಡಿ ನೋಡಲು ಹೋದದ್ದನ್ನು ಯಾರೂ ಮರೆತಿರಲಾರರು. ಊಟಕ್ಕೆ ಇದೇ ಜಾಗ ಚೆನ್ನ. ಊಟವಾದ ಮೇಲೆ ಮಕ್ಕಳಿಗೆ ಒಂದು ಸಂಗತಿ ಹೇಳಬೇಕು, ಅದು ಈ ಜಿಲ್ಲೆಯವರಿಗೆ ಹೆಮ್ಮೆಯದು. ಭೂವಿಜ್ಞಾನಿಗಳು ಚಿತ್ರದುರ್ಗದ ಕಲ್ಲಿನ ಪದರಗಳನ್ನು ಮೂರು ಭಾಗ ಮಾಡಿ ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಎಲ್ಲಕ್ಕಿಂತ ಕೆಳಗಿನದು ವಾಣಿವಿಲಾಸ, ಆಳವಿಲ್ಲದ ಕಡಲಿನಲ್ಲಿ ಬಿದ್ದ ಮರಳು, ಸುಣ್ಣಗಳಿಂದಾದದ್ದು. ಅದರ ಮೇಲೆ ಇಂಗಳದಾಳ, ಬಹುಪಾಲು ಲಾವಾ. ಎಲ್ಲಕ್ಕೂ ಮೇಲೆ ಹಿರಿಯೂರು, ಕೆಸರು ಮತ್ತು ಒರಟು ಮರಳಿನ ಕಲ್ಲು. ಲಂಡನ್ನಿನಲ್ಲೋ ಟೋಕಿಯೋದಲ್ಲೋ ಕೂತು ಭಾರತದ ಪುರಾತನ ನೆಲದ ಬಗ್ಗೆ ಓದುವ ವಿದ್ಯಾರ್ಥಿಯ ಬಾಯಲ್ಲಿ ಇಂಗಳದಾಳ, ಹಿರಿಯೂರು ಎಂಬ ಹೆಸರುಗಳು ಓಡಾಡುತ್ತವೆ.

ಇಂಗಳದಾಳದ ಲಾವಾದ ನಡುವೆ ತಾಮ್ರದ ಅದಿರಿತ್ತು, ಹಟ್ಟಿ ಚಿನ್ನದ ಗಣಿ ಕಂಪನಿಯ ಘಟಕ ಅಲ್ಲಿ ತಾಮ್ರ ತೆಗೆಯುತ್ತಿತ್ತು. ಹಳೆಯ ಗಣಿಯ ಹತ್ತಿರಕ್ಕೆ ಮಕ್ಕಳನ್ನು ಕರೆದೊಯ್ಯಬಾರದು. ದೂರದಿಂದ ಗುಡ್ಡ ತೋರಿಸಿದರೆ ಸಾಕು. ಗದಗದ ಚಿನ್ನ, ಚಿಕ್ಕನಾಯಕನಹಳ್ಳಿಯ ಮ್ಯಾಂಗನೀಸ್, ಇಂಗಳದಾಳದ ತಾಮ್ರ, ಇವೆಲ್ಲ ಗದಗದಿಂದ ಶ್ರೀರಂಗಪಟ್ಟಣದ ದಿಕ್ಕಿಗೆ 400 ಕಿಲೋಮೀಟರಿಗೂ ಉದ್ದ ಚಾಚಿದ ಒಂದೇ ಪಟ್ಟಿಯ ಸಂಪತ್ತು.

ಮಾರಿಕಣಿವೆಯಿಂದ ದಾರಿ ಎರಡಾಗುತ್ತದೆ. ಶಾಲೆಯ ತಂಡವಾದರೆ ನೇರ ಚಿತ್ರದುರ್ಗಕ್ಕೆ ಮರಳಿ, ನಾಲ್ಕು ಗಂಟೆಯ ಇಳಿಬಿಸಿಲಲ್ಲಿ ಕೋಟೆ ಹತ್ತುವುದು ಮೇಲು. ಕೋಟೆಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಬೆಳಗ್ಗೆ ನೋಡಿದ್ದು ನೀರಿಗೆ ಬಿದ್ದು ಥಟ್ಟನೆ ತಣಿದ ಕಲ್ಲು, ಅದರ ಕಣಗಳು ಬರಿಗಣ್ಣಿಗೆ ಕಾಣುವುದಿಲ್ಲ. ಕೋಟೆಯ ಬಂಡೆ ಗ್ರಾನೈಟ್. ಅದೂ ಒಮ್ಮೆ ಕರಗಿದ್ದದ್ದೇ, ಆದರೆ ಮೇಲಕ್ಕೆ ಉಕ್ಕದೆ ನೆಲದಾಳದಲ್ಲೇ ಬಹಳ ಕಾಲ ನಿಧಾನವಾಗಿ ತಣಿಯಿತು. ಆದ್ದರಿಂದ ಅದರ ಹರಳುಗಳು ದಪ್ಪವಾಗಿ ಬೆಳೆದು ಕಣ್ಣಿಗೆ ಹೊಳೆಯುತ್ತವೆ. ಬೆಂಕಿಯಿಂದ ಹುಟ್ಟಿದ ಎರಡು ಕಲ್ಲುಗಳನ್ನು ಒಂದೇ ದಿನ ಕೈಯಿಂದ ಮುಟ್ಟಿ ನೋಡುವ ಅವಕಾಶ ಎಲ್ಲ ಊರಿಗೂ ಇಲ್ಲ. ಕೋಟೆಯ ಗುಂಡುಗಳೂ ದುಂಡಗಿವೆಯಲ್ಲ, ಅವೂ ದಿಂಬುಗಳೇ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಕೇಳದಿದ್ದರೆ ಮೇಷ್ಟ್ರೇ ಕೇಳಬೇಕು. ದಿಂಬುಗಳು ಹುಟ್ಟುವಾಗಲೇ ದುಂಡಗೆ ಹುಟ್ಟಿದವು. ಕೋಟೆಯ ಗುಂಡುಗಳು ಹುಟ್ಟುವಾಗ ದೊಡ್ಡ ಒಂದೇ ಬಂಡೆ. ಬಿರುಕುಗಳಲ್ಲಿ ನೀರಿಳಿದು, ಬಿಸಿಲು ಮಳೆಗೆ ಮೂಲೆಗಳು ಪದರ ಪದರವಾಗಿ ಉದುರಿ ದುಂಡಗಾದವು. ಪಾಳೆಯಗಾರರು ಆ ಗುಂಡುಗಳ ನಡುವೆಯೇ ಗೋಡೆ ಕಟ್ಟಿದರು, ಬಂಡೆಯ ತಗ್ಗುಗಳಲ್ಲಿ ನೀರು ಹಿಡಿದರು. ಅಕ್ಕತಂಗಿಯರ ಹೊಂಡದ ದಡದಲ್ಲಿ ಕೂತು ಈ ಮಾತಾಡಿದರೆ ಚರಿತ್ರೆಯ ಮೇಷ್ಟ್ರು, ವಿಜ್ಞಾನದ ಮೇಷ್ಟ್ರು ಇಬ್ಬರಿಗೂ ಪಾಠ ಒಟ್ಟಿಗೇ ಮುಗಿಯುತ್ತದೆ.

ಸ್ವಂತ ವಾಹನದ ಸಂಸಾರವಾದರೆ ಹೊಸದುರ್ಗ, ಹೊಳಲ್ಕೆರೆ ಸುತ್ತಿ ಚಿತ್ರದುರ್ಗ ಸೇರಬಹುದು. ಹೊಸದುರ್ಗದ ಸೀಮೆಯಲ್ಲಿ ಮತ್ತೋಡು ಎಂಬ ಊರಿದೆ. 1800ರ ಆಸುಪಾಸಿನಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಗಾಜಿನ ಬಳೆ ಮಾಡುತ್ತಿದ್ದುದನ್ನು ಬರೆದಿದ್ದಾನೆ. ಸ್ಥಳೀಯ ಮಣ್ಣು ಕಲ್ಲುಗಳನ್ನೇ ಕುಲುಮೆಯಲ್ಲಿ ಕರಗಿಸಿ ಗಾಜು ಮಾಡುತ್ತಿದ್ದ ಕುಶಲಿಗರು ಅವರು. ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದು, ಅದೇ ತಾಲ್ಲೂಕಿನ ತಾಳ್ಯದ ಕಡೆಗೆ ಹೋದರೆ ಇನ್ನೊಂದು ಹೆಸರಾಂತ ಕಲ್ಲು ಸಿಗುತ್ತದೆ. ಬಗೆಬಗೆಯ ಹಳೆಯ ಉರುಟುಗಲ್ಲುಗಳು ಒಂದೇ ಬಂಡೆಯೊಳಗೆ ಹುದುಗಿರುವ ಕಲ್ಲು ಅದು. ಆ ಗುಂಡುಗಳಲ್ಲಿ ಒಂದೊಂದೂ ಮತ್ತೊಂದು ಹಳೆಯ ಗುಡ್ಡದ ತುಣುಕು. ಆದರೆ ಜೊತೆಗೆ ಬಲ್ಲವರು ಇಲ್ಲದಿದ್ದರೆ ತಾಳ್ಯವನ್ನು ಬಿಡಿ, ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವ ಆಸೆ ಯೋಜನೆ ಮಾಡುವವರಿಗೆ ಇದ್ದೇ ಇರುತ್ತದೆ. ಕೊಟ್ಟ ದುಡ್ಡಿಗೆ ಹೆಚ್ಚು ಜಾಗ ತೋರಿಸಬೇಕೆಂಬ ಒತ್ತಡ ಶಾಲೆಗಳ ಮೇಲೂ ಇದೆ. ನಾನಾದರೆ ಹೊತ್ತು ಸಾಲದಾದಾಗ ಕೋಟೆಯನ್ನೇ ಇನ್ನೊಂದು ದಿನಕ್ಕೆ ಬಿಡುತ್ತೇನೆ, ಮರಡಿಹಳ್ಳಿಯ ಎರಡು ಗಂಟೆ ಕತ್ತರಿಸುವುದಿಲ್ಲ. ಕೋಟೆಗೆ ಅವರು ಹೇಗಿದ್ದರೂ ಮತ್ತೆ ಬರುತ್ತಾರೆ.

ಈಗ ಬೇಕಾಗಿರುವುದು ಊರಿನವರೇ ಆದ ಮಾರ್ಗದರ್ಶಕರು. ಹವಾಯಿಯ ಅಗ್ನಿಪರ್ವತಗಳ ಸುತ್ತ 1916ರಲ್ಲೇ ರಾಷ್ಟ್ರೀಯ ಉದ್ಯಾನ ಮಾಡಿದರು. ಅಲ್ಲಿನ ಸಿಬ್ಬಂದಿ ಜನರನ್ನು ಲಾವಾದ ಮೇಲೆ ನಡೆಸಿಕೊಂಡು ಹೋಗಿ ವಿವರಿಸುತ್ತಾರೆ. ನಮಗೆ ಅಷ್ಟು ದೊಡ್ಡ ಏರ್ಪಾಡು ಇಂದೇ ಬೇಡ. ಐಮಂಗಲ, ಮರಡಿಹಳ್ಳಿಯ ಕಡೆಯ ನಾಲ್ಕೈದು ಯುವಕ ಯುವತಿಯರಿಗೆ ಭೂವಿಜ್ಞಾನದ ಅಧ್ಯಾಪಕರು ನಾಲ್ಕು ವಾರಾಂತ್ಯ ಕಲಿಸಿದರೆ ದಿಂಬಿನ ಕಥೆ, 250 ಹೆಜ್ಜೆಯ ನಡಿಗೆ, ನೀರು ಸುರಿದು ತೋರಿಸುವ ಬಗೆ ಕೈವಶವಾಗುತ್ತವೆ. ಪ್ರವಾಸೋದ್ಯಮ ಇಲಾಖೆ ಅವರಿಗೊಂದು ಗುರುತಿನ ಚೀಟಿ ಕೊಡಲಿ, ತಂಡಕ್ಕಿಷ್ಟು ಎಂದು ಶುಲ್ಕ ಗೊತ್ತು ಮಾಡಲಿ, ಅವರ ಫೋನ್ ನಂಬರನ್ನು ಕೋಟೆಯ ಟಿಕೆಟ್ ಕೌಂಟರಿನಲ್ಲೂ ಐಮಂಗಲದ ಬಸ್ ನಿಲ್ದಾಣದಲ್ಲೂ ಬರೆಸಲಿ. ದಿಂಬು ಹುಟ್ಟುವ ಬಗೆಯನ್ನು ಚಿತ್ರದಲ್ಲಿ ತೋರಿಸುವ ದೊಡ್ಡ ಕನ್ನಡ ಫಲಕವೊಂದು ಬಂಡೆಯ ಹತ್ತಿರ ನಿಲ್ಲಲಿ. ಆ ಬಂಡೆಯಿಂದ ನಾಲ್ಕು ಜನರ ಮನೆಗೆ ಅನ್ನ ಹುಟ್ಟಿದರೆ, ಸುತ್ತಿಗೆ ಹಿಡಿದು ಬಂದವನನ್ನು ಊರಿನವರೇ ತಡೆದು ನಿಲ್ಲಿಸುತ್ತಾರೆ. ಮುಂದಿನ ಡಿಸೆಂಬರಿನ ಪ್ರವಾಸಕ್ಕೆ ಈಗಿನಿಂದಲೇ ಪಟ್ಟಿ ಬರೆಯುತ್ತಿರುವ ಮೇಷ್ಟ್ರುಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಒಂದು ಪತ್ರ ಬರೆದರೆ ಕೆಲಸ ಶುರುವಾಗುತ್ತದೆ.